ಹೊಟ್ಟೆ ಕಿರಿದಾಯಿತು, ಹಂಬಲ ಹೋಯಿತೇ?

ತೂಕ ಇಳಿಸುವ ವಿಚಾರ ಎಂದರೆ ನಮ್ಮಂಥ ಗೃಹಿಣಿಯರಿಗೆ ಎಷ್ಟು ಓದಿದರೂ ಸಾಲದು. ಬೆಳಿಗ್ಗೆ ಬಿಸಿನೀರಿಗೆ ನಿಂಬೆರಸ, ಜೇನುತುಪ್ಪ. ರಾತ್ರಿ ಅನ್ನ ಬಿಟ್ಟು ಚಪಾತಿ. ಸೋಮವಾರ, ಶನಿವಾರ ಒಪ್ಪತ್ತು. ಇವನ್ನೆಲ್ಲ ನೀವೂ ಮಾಡಿದ್ದೀರಿ, ನಾನೂ ಮಾಡಿದ್ದೇನೆ. ಎರಡು ಕಿಲೋ ಇಳಿಯುತ್ತದೆ, ಎರಡು ಮದುವೆ ಊಟ ಮುಗಿಸಿ ಬರುವಷ್ಟರಲ್ಲಿ ಮೂರು ಕಿಲೋ ಏರಿರುತ್ತದೆ. ನಕ್ಕು ಸುಮ್ಮನಾಗುತ್ತೇವೆ. ಆದರೆ ನೂರು ಕಿಲೋ ದಾಟಿದವರಿಗೆ, ಅದರ ಜೊತೆಗೆ ಸಕ್ಕರೆ ಕಾಯಿಲೆ, ಮಂಡಿನೋವು, ಮಲಗಿದರೆ ಉಸಿರು ಕಟ್ಟುವುದು ಎಲ್ಲ ಸೇರಿಕೊಂಡವರಿಗೆ ಅದು ನಗುವ ಮಾತಲ್ಲ. ಅಂಥವರಿಗೆ ಈಗ ಹೊಟ್ಟೆಯ ಆಪರೇಷನ್ ಮಾಡುತ್ತಾರೆ. ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ಇದು ಹೊಸದೇನಲ್ಲ. ನಿಮ್ಮ ನೆಂಟರಲ್ಲೂ ಒಬ್ಬರಾದರೂ ಮಾಡಿಸಿಕೊಂಡಿರಬಹುದು.

ಆ ಆಪರೇಷನ್ ಬೇಕೇ ಬೇಡವೇ ಎಂದು ಹೇಳಲು ನಾನು ಡಾಕ್ಟರಲ್ಲ, ಎಸ್ಸೆಸ್ಸೆಲ್ಸಿಯವರೆಗೆ ಓದಿದ ಗೃಹಿಣಿ. ನಾನು ಹೇಳ ಹೊರಟಿರುವುದು ಆಮೇಲಿನ ಸಂಗತಿ. ಆಪರೇಷನ್ ಆಗಿ, ತೂಕ ಇಳಿದು, ಹೊಸ ರವಿಕೆ ಹೊಲಿಸಿಕೊಂಡು, ಕಂಡವರೆಲ್ಲ "ಎಷ್ಟು ಚೆನ್ನಾಗಿ ಕಾಣ್ತೀಯಾ!" ಎಂದು ಹೊಗಳಿ ಮುಗಿದ ಮೇಲೆ ಕೆಲವರಿಗೆ ಬರುವ ಒಂದು ಕಷ್ಟದ ಸಂಗತಿ. ತಿನ್ನುವ ಚಟ ಬಿಟ್ಟುಹೋದ ಜಾಗದಲ್ಲಿ ಕುಡಿಯುವ ಚಟ ಬಂದು ಕೂರುವುದು. ಅಡುಗೆ, ಹೊಲಿಗೆ ಓದುವ ಪುಟಗಳಲ್ಲಿ ಇದೇನಪ್ಪಾ ಎಂದು ಹುಬ್ಬೇರಿಸಬೇಡಿ. ಇದು ನಮ್ಮ ಮನೆಯಲ್ಲೇ ನಡೆದದ್ದು. ನಡೆದದ್ದು ಒಬ್ಬ ಹೆಣ್ಣುಮಗಳಿಗೆ.

ಅವಳು ನನ್ನ ನಾದಿನಿ. "ಬರೀರಿ ಅತ್ತಿಗೆ, ನಾಲ್ಕು ಜನಕ್ಕೆ ಉಪಯೋಗ ಆಗ್ಲಿ. ಹೆಸರೊಂದು ಹಾಕ್ಬೇಡಿ" ಎಂದು ಅವಳೇ ಹೇಳಿದ ಮೇಲೆ ಬರೆಯಲು ಕೂತಿದ್ದೇನೆ. ಹೆಸರು ಹಾಕಿಲ್ಲ.

ಡಬ್ಬದ ಚಕ್ಕುಲಿ

ನಮ್ಮ ಊರು ತಿಪಟೂರು. ನಾದಿನಿ ಮದುವೆಯಾಗಿ ಬೆಂಗಳೂರಿಗೆ ಹೋದವಳು. ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ. ಚಿಕ್ಕಂದಿನಿಂದ ಮೈಕೈ ತುಂಬಿಕೊಂಡೇ ಇದ್ದಳು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ನಮ್ಮ ಅತ್ತೆ, ಅಂದರೆ ಅವಳ ತಾಯಿ, ತೀರಿಕೊಂಡ ಮೇಲೆ ಅವಳ ತಿನ್ನುವ ರೀತಿ ಬೇರೆಯಾಯಿತು. ಎಲ್ಲರ ಮುಂದೆ ಕೂತು ಉಣ್ಣುವಾಗ ಒಂದು ಚಪಾತಿ ಸಾಕು ಎನ್ನುತ್ತಿದ್ದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಲೈಟು ಹಾಕದೆ ಚಕ್ಕುಲಿ ಡಬ್ಬ ತೆಗೆಯುತ್ತಿದ್ದಳು. ನಾನು ಇಲ್ಲಿಂದ ಕಳಿಸಿದ ಒಂದು ಡಬ್ಬ ಕೋಡುಬಳೆ ನಾಲ್ಕು ರಾತ್ರಿಗೆ ಮುಗಿಯುತ್ತಿತ್ತಂತೆ. ಹಸಿವಿಗಲ್ಲ. ಹಸಿವಿಗೆ ತಿನ್ನುವವರು ಬೆಳಕಿನಲ್ಲೇ ತಿನ್ನುತ್ತಾರೆ.

ಮೂವತ್ತೇಳನೆಯ ವಯಸ್ಸಿಗೆ 112 ಕಿಲೋ ಆದಳು. ಸಕ್ಕರೆ ಕಾಯಿಲೆಗೆ ದಿನಕ್ಕೆ ಮೂರು ಮಾತ್ರೆ. ಎರಡನೆಯ ಮಹಡಿಯ ಮನೆಗೆ ಹತ್ತುವಾಗ ನಡುವೆ ಎರಡು ಕಡೆ ನಿಲ್ಲಬೇಕು. ಪಥ್ಯ, ವಾಕಿಂಗ್ ಎಲ್ಲ ಮಾಡಿ ಸೋತ ಮೇಲೆ 2017ರ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹತ್ತು ದಿನ ನಾನೇ ಹೋಗಿ ಇದ್ದು ಬಂದೆ. ಬೇಳೆಕಟ್ಟು ಸೋಸಿ, ಚಮಚದಲ್ಲಿ ಅಳತೆ ಮಾಡಿ ಕುಡಿಸಿದ್ದು ಈಗಲೂ ನೆನಪಿದೆ.

ಏನಿದು ಆಪರೇಷನ್?

ನಮ್ಮ ಹೊಟ್ಟೆಯೊಳಗಿನ ಜಠರ ಒಂದು ಹಿಗ್ಗುವ ಚೀಲ. ಹಬ್ಬದ ಊಟವನ್ನೂ ಹಿಡಿಸಿಕೊಳ್ಳುತ್ತದೆ. ಈ ಆಪರೇಷನ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಹಾಗೆ ಉದ್ದನೆಯ ಕೊಳವೆ ಮಾಡುತ್ತಾರೆ. ಇದಕ್ಕೆ ಸ್ಲೀವ್ ಎಂದು ಹೆಸರು. ಇನ್ನೊಂದು ಬೈಪಾಸ್. ಇದರಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚ ಹಿಡಿಯುವಷ್ಟು ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ತಿಂದದ್ದು ಜಠರದ ಉಳಿದ ಭಾಗವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಒಳದಾರಿಯಲ್ಲಿ ಇಳಿದುಹೋಗುತ್ತದೆ. ನಾದಿನಿಗೆ ಆದದ್ದು ಇದೇ ಬೈಪಾಸ್.

ಇದನ್ನು ಮೊದಲು ಮಾಡಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾಕ್ಟರ್ ಎಡ್ವರ್ಡ್ ಮೇಸನ್, 1966ರಲ್ಲಿ. ಹೊಟ್ಟೆಹುಣ್ಣಿಗೆಂದು ಜಠರದ ಭಾಗ ತೆಗೆಸಿಕೊಂಡವರು ಸಣ್ಣಗಾಗುತ್ತಿದ್ದುದನ್ನು ಕಂಡು ಅವರಿಗೆ ಇದು ಹೊಳೆಯಿತಂತೆ.

ಆಪರೇಷನ್‌ನಿಂದ ಒಳ್ಳೆಯದಾಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯದೇ ಆಯಿತು. ಒಂದೂವರೆ ವರ್ಷದಲ್ಲಿ ನಾದಿನಿ 70 ಕಿಲೋಗೆ ಇಳಿದಳು. ಸಕ್ಕರೆ ಮಾತ್ರೆ ಮೂರೂ ನಿಂತವು. ತಿರುಪತಿ ಬೆಟ್ಟ ನಡೆದು ಹತ್ತಿದಳು. ಸ್ವೀಡನ್ ದೇಶದಲ್ಲಿ ಇಂಥ ಆಪರೇಷನ್ ಆದವರನ್ನು 1987ರಿಂದ ಗಮನಿಸುತ್ತ ಬಂದಿದ್ದಾರೆ. ಅಷ್ಟೇ ದಪ್ಪವಿದ್ದು ಆಪರೇಷನ್ ಮಾಡಿಸಿಕೊಳ್ಳದವರಿಗಿಂತ ಅವರಲ್ಲಿ ಸಾವು ಕಡಿಮೆ ಎಂದು 2007ರಲ್ಲಿ ಪ್ರಕಟಿಸಿದರು. ಆದ್ದರಿಂದ ಡಾಕ್ಟರು ಬೇಕೆಂದವರು ಇದನ್ನು ಓದಿ ಹೆದರಿ ಹಿಂದೆ ಸರಿಯಬೇಕಾಗಿಲ್ಲ. ತಿಳಿದುಕೊಂಡು ಮುಂದೆ ಹೋಗಬೇಕು, ಅಷ್ಟೇ.

ಯಾರೂ ಕೇಳದ ಪ್ರಶ್ನೆ

ಆಪರೇಷನ್‌ಗೆ ಮುಂಚೆ ಆಸ್ಪತ್ರೆಯಲ್ಲಿ ಒಂದು ಫಾರಂ ತುಂಬಿಸಿಕೊಂಡರು. ಹೆಸರು, ವಯಸ್ಸು, ಹಿಂದಿನ ಕಾಯಿಲೆ, ಮುಟ್ಟಿನ ವಿವರ ಎಲ್ಲ ಕೇಳಿದರು. ಬೀಡಿ ಸಿಗರೇಟು, ಮದ್ಯಪಾನ ಎಂಬ ಸಾಲು ಬಂದಾಗ ಬರೆಯುತ್ತಿದ್ದಾಕೆ ನಾದಿನಿಯ ಹಣೆಯ ಕುಂಕುಮ, ಕೈಬಳೆ ನೋಡಿ, ಕೇಳದೆಯೇ "ಇಲ್ಲ" ಎಂದು ಬರೆದುಕೊಂಡರಂತೆ. ಆಫೀಸಿನ ವರ್ಷದ ಊಟಕ್ಕೆ ಹೋದಾಗ ಒಂದೊಂದು ಗ್ಲಾಸು ವೈನ್ ಕುಡಿಯುವ ಅಭ್ಯಾಸ ಅವಳಿಗೆ ಮೊದಲೇ ಇತ್ತು. ವರ್ಷಕ್ಕೆ ಮೂರೋ ನಾಲ್ಕೋ ಸಲ. ಕೇಳಿದ್ದರೆ ಹೇಳುತ್ತಿದ್ದೆ ಎನ್ನುತ್ತಾಳೆ. ಮನೆಗೆ ಕಳಿಸುವಾಗ ಯಾವ ವಾರ ಏನು ತಿನ್ನಬೇಕು, ಯಾವ ಮಾತ್ರೆ ಜೀವನಪೂರ್ತಿ ನುಂಗಬೇಕು ಎಂದು ಆರು ಪುಟದ ಕಾಗದ ಕೊಟ್ಟರು. ಅದನ್ನು ಅಡುಗೆಮನೆ ಗೋಡೆಗೆ ನಾನೇ ಅಂಟಿಸಿದ್ದೆ. ಮದ್ಯದ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ನಮ್ಮ ದೇಶದಲ್ಲಿ ಕುಡಿಯುವ ಹೆಂಗಸರು ಕಡಿಮೆ ಎಂಬುದು ನಿಜ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕುಡಿಯುತ್ತೇನೆ ಎಂದ ಹೆಂಗಸರು ನೂರಕ್ಕೆ ಒಬ್ಬರ ಆಸುಪಾಸು, ಗಂಡಸರು 19 ಜನ. ಕಡಿಮೆ ಇದ್ದಾರೆ ಎಂದ ಮಾತ್ರಕ್ಕೆ ಇಲ್ಲವೇ ಇಲ್ಲ ಎಂದಲ್ಲವಲ್ಲ. ಯಾರೂ ಕೇಳುವುದಿಲ್ಲ ಎಂದು ಗೊತ್ತಾದರೆ ಬಚ್ಚಿಡುವುದು ಸುಲಭ.

ಮೊದಲ ವರ್ಷ ಏನೂ ಆಗಲಿಲ್ಲ. ಯುಗಾದಿಗೆ ಅರ್ಧ ಹೋಳಿಗೆ ತಿಂದು ಬೆವತು, ಎದೆ ಡವಡವ ಹೊಡೆದು, ತಲೆ ಸುತ್ತಿ ಮಲಗಿಬಿಟ್ಟಳು. ಬೈಪಾಸ್ ಆದವರಿಗೆ ಸಿಹಿ ಬೇಗ ಕರುಳಿಗೆ ಇಳಿದು ಹೀಗಾಗುತ್ತದೆ. ಆಮೇಲೆ ಸಿಹಿಯ ತಂಟೆಗೇ ಹೋಗಲಿಲ್ಲ. ಎರಡನೆಯ ವರ್ಷ ಕಳೆದ ಮೇಲೆ ಆಸ್ಪತ್ರೆಯ ತಪಾಸಣೆಯೂ ವರ್ಷಕ್ಕೊಮ್ಮೆ ಆಯಿತು. ಎಲ್ಲರೂ ನಿಶ್ಚಿಂತರಾದೆವು. ಅವಳ ಕಷ್ಟ ಶುರುವಾದದ್ದು ಆಗ.

ನಿಂಬೆ ಶರಬತ್ತು

2021ರ ದೀಪಾವಳಿಗೆ ತವರಿಗೆಂದು ನಮ್ಮಲ್ಲಿಗೆ ಬಂದಿದ್ದಳು. ಸಂಜೆ ನಾನು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ಅವಳು ಕೈಯಲ್ಲಿ ನೀರಿನ ಬಾಟಲಿ ಹಿಡಿದು ಹಿತ್ತಿಲ ಕಟ್ಟೆ ಮೇಲೆ ಕೂತಿದ್ದಳು. ಹತ್ತು ನಿಮಿಷಕ್ಕೆ ಮುಂಚೆ ನನ್ನ ಹತ್ತಿರ ಸರಿಯಾಗಿ ಮಾತಾಡಿ ಹೋದವಳು, ಕರೆದರೆ ತಿರುಗಿದ ಕಣ್ಣೇ ಬೇರೆ ಇತ್ತು. ನಾಲಗೆ ತೊದಲುತ್ತಿತ್ತು.

"ಏನಮ್ಮಾ ಅದು ಬಾಟಲಿಯಲ್ಲಿ?" ಎಂದೆ.

"ನಿಂಬೆ ಶರಬತ್ತು ಅತ್ತಿಗೆ."

"ನನಗೂ ಒಂದು ಗುಟುಕು ಕೊಡು."

ಕೊಡಲಿಲ್ಲ. ಬಾಟಲಿಯನ್ನು ಎದೆಗೆ ಅವುಚಿಕೊಂಡಳು. ಸ್ವಲ್ಪ ಹೊತ್ತಿಗೆ ಅಳು ಬಂತು.

"ಅಣ್ಣನಿಗೆ ಹೇಳ್ಬೇಡಿ ಅತ್ತಿಗೆ."

"ಹೇಳೋದು ಬಿಡೋದು ಆಮೇಲೆ. ಮೊದಲು ಒಳಗೆ ಬಾ, ಮುಖ ತೊಳ್ಕೋ. ಎಷ್ಟು ದಿನದಿಂದ?"

ಎರಡು ವರ್ಷದಿಂದ ಎಂದಳು. ಆಫೀಸಿನ ಊಟದಲ್ಲಿ ಯಾವತ್ತಿನಂತೆ ಒಂದು ಗ್ಲಾಸು ವೈನ್ ಕುಡಿದಾಗ ಹಿಂದೆಂದೂ ಆಗದ ಹಾಗೆ ತಲೆಗೆ ಏರಿತಂತೆ. ಮೈ ಹಗುರವಾಯಿತಂತೆ. ಅಮ್ಮ ಹೋದ ಮೇಲೆ ಅಂಥ ನೆಮ್ಮದಿ ಕಂಡಿರಲಿಲ್ಲ ಎಂದಳು. ಆಮೇಲೆ ಶನಿವಾರಕ್ಕೊಮ್ಮೆ. ಆಮೇಲೆ ದಿನವೂ. 2020ರಲ್ಲಿ ಮನೆಯಿಂದಲೇ ಆಫೀಸು ಕೆಲಸ ಶುರುವಾದ ಮೇಲೆ ಹಗಲು ರಾತ್ರಿ ಎಂಬುದೂ ಹೋಯಿತು. ವೈನ್ ಹೋಗಿ ವೋಡ್ಕಾ ಬಂತು. ಬಣ್ಣವಿಲ್ಲ ನೋಡಿ, ಶರಬತ್ತಿಗೆ ಬೆರೆಸಿದರೆ ಗೊತ್ತಾಗುವುದಿಲ್ಲ.

"ಮುಂಚೆ ರಾತ್ರಿ ಡಬ್ಬ ತೆಗೀತಿದ್ದೆನಲ್ಲ, ಈಗ ತೆಗೆದ್ರೆ ಎರಡು ಚಕ್ಕುಲಿಗೆ ಹೊಟ್ಟೆ ಬಿಗಿಯುತ್ತೆ ಅತ್ತಿಗೆ. ಆದ್ರೆ ಡಬ್ಬ ತೆಗೀಬೇಕು ಅನ್ನೋದು ಹಾಗೇ ಇದೆ" ಎಂದಳು.

ಇದನ್ನು ಇವರಿಗೆ ಹೇಳದೆ ಇರುವುದು ಸರಿಯಲ್ಲ ಎಂದು ಅವಳನ್ನೇ ಒಪ್ಪಿಸಿ, ಅವಳ ಎದುರಿಗೇ ಹೇಳಿದೆ. ಇವರು ಬಹಳ ಹೊತ್ತು ಜಗಲಿಯಲ್ಲಿ ನಿಂತಿದ್ದರು. ಕೂಗಾಡುತ್ತಾರೇನೋ ಎಂದುಕೊಂಡೆ. ಒಳಗೆ ಬಂದು, "ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರ ಹತ್ರ ಹೋದ್ವಿ. ಈಗಲೂ ಹೋಗೋಣ" ಎಂದರು. ಅಷ್ಟೇ. ಆ ಒಂದು ಮಾತಿಗೆ ನಾನು ಅವರಿಗೆ ಋಣಿ.

ಎಲ್ಲರೂ ಹಾಗಿರಲಿಲ್ಲ. ವಿಷಯ ಗೊತ್ತಾದ ಮೇಲೆ ನಾದಿನಿಯ ಗಂಡನ ಕಡೆಯ ಹಿರಿಯರೊಬ್ಬರು, "ಮೈಯ ಕೊಬ್ಬು ಇಳೀತು, ತಲೆಗೆ ಕೊಬ್ಬು ಏರಿತು" ಎಂದುಬಿಟ್ಟರು. ತೆಳ್ಳಗಾಗಿ ಬೆಡಗು ಬಂತು, ಬೆಡಗಿನ ಹಿಂದೆ ಕುಡಿತ ಬಂತು ಎಂಬ ಅರ್ಥದಲ್ಲಿ. ಈ ಲೇಖನ ಬರೆಯಲು ನಿಜವಾದ ಕಾರಣ ಆ ಮಾತು. ಅದು ಎಷ್ಟು ತಪ್ಪು ಎಂಬುದನ್ನು ಮನೋವೈದ್ಯರು ನಮಗೆ ಬಿಡಿಸಿ ಹೇಳಿದರು. ಫಾರ್ಮಸಿ ಓದುತ್ತಿರುವ ನನ್ನ ಮಗಳು ಅದನ್ನು ಓದಿ ನೋಡಿ, ಸರಿಯಾಗಿದೆ ಎಂದಳು. ನನಗೆ ತಿಳಿದಂತೆ ನಿಮಗೆ ಹೇಳುತ್ತೇನೆ.

ಕೊಬ್ಬೂ ಅಲ್ಲ, ನಡತೆಯೂ ಅಲ್ಲ

ನಾವು ಕುಡಿದದ್ದು ಮೊದಲು ಜಠರದಲ್ಲಿ ಸ್ವಲ್ಪ ಹೊತ್ತು ತಂಗುತ್ತದೆ. ಮದ್ಯದ ಅಂಶ ಹೆಚ್ಚಾಗಿ ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ಜಠರದ ಒಳಪದರದಲ್ಲಿ ಅದನ್ನು ಅಲ್ಪಸ್ವಲ್ಪ ಮುರಿಯುವ ರಸವೂ ಇದೆ. ಬೈಪಾಸ್ ಆದವರಲ್ಲಿ ತಂಗುವ ಜಾಗವೇ ಇಲ್ಲ. ಸೊಂಟ ಮುರಿದ ಮಡಿಕೆಗೆ ಸುರಿದ ನೀರಿನಂತೆ ಗಂಟಲಿಂದ ನೇರ ಕರುಳಿಗೆ ಇಳಿದು, ಕೆಲವೇ ನಿಮಿಷದಲ್ಲಿ ರಕ್ತಕ್ಕೆ ಸೇರಿ ತಲೆಗೆ ಏರುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಬೈಪಾಸ್ ಆದ ಹೆಂಗಸರನ್ನು ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದರು. ಅವರು ಎರಡು ಗ್ಲಾಸು ಕುಡಿದರೆ ಆಪರೇಷನ್ ಆಗದವರು ನಾಲ್ಕು ಗ್ಲಾಸು ಕುಡಿದಷ್ಟು ಆಗುತ್ತದಂತೆ. ಹಿತ್ತಿಲಲ್ಲಿ ಹತ್ತು ನಿಮಿಷಕ್ಕೆ ನಾದಿನಿಯ ಕಣ್ಣು ಬದಲಾದದ್ದು ಏಕೆಂದು ನನಗೆ ಆಗ ಅರ್ಥವಾಯಿತು. ಎಷ್ಟು ಬೇಗ, ಎಷ್ಟು ಜೋರಾಗಿ ಏರುತ್ತದೋ ಚಟವೂ ಅಷ್ಟು ಬೇಗ ಹತ್ತುತ್ತದೆ.

ಎರಡನೆಯದು ಮಿದುಳಿನ ಸಂಗತಿ. ತಿಂದಾಗ ಸಿಗುವ ಸುಖ, ಕುಡಿದಾಗ ಸಿಗುವ ಸುಖ ಎರಡೂ ಮಿದುಳಿನಲ್ಲಿ ಬಹುಮಟ್ಟಿಗೆ ಒಂದೇ ದಾರಿ ಹಿಡಿಯುತ್ತವೆ. ಒಂದು ದಾರಿ ಮುಚ್ಚಿದಾಗ ಕೆಲವರ ಮನಸ್ಸು ಇನ್ನೊಂದನ್ನು ಹುಡುಕುತ್ತದೆ ಎಂದು ಹಲವರು ಹೇಳುತ್ತಾರೆ. ಆದರೆ ಅಷ್ಟೇ ಅಲ್ಲ. ವಿಜ್ಞಾನಿಗಳು ಇಲಿಗಳಿಗೆ ಈ ಬೈಪಾಸ್ ಮಾಡಿ ನೋಡಿದ್ದಾರೆ. ಆಪರೇಷನ್ ಆದ ಇಲಿಗಳು ಬೇರೆ ಇಲಿಗಳಿಗಿಂತ ಹೆಚ್ಚು ಮದ್ಯ ಕುಡಿದವು. ಹೊಟ್ಟೆಯ ಮೂಲಕವಲ್ಲದೆ ನೇರ ರಕ್ತಕ್ಕೆ ಹೋಗುವಂತೆ ಇಟ್ಟಾಗಲೂ ಹೆಚ್ಚು ಬೇಡಿದವು. ಇಲಿಗೆ ತಾಯಿ ತೀರಿಕೊಂಡ ದುಃಖವಿಲ್ಲ, ಆಫೀಸಿನ ಪಾರ್ಟಿಯಿಲ್ಲ, ತಲೆಕೊಬ್ಬಂತೂ ಇಲ್ಲವೇ ಇಲ್ಲ! ಆಪರೇಷನ್ನೇ ದೇಹದಲ್ಲಿ ಏನನ್ನೋ ಬದಲಿಸುತ್ತದೆ ಎಂದಾಯಿತಲ್ಲವೇ?

ಎಷ್ಟು ಜನಕ್ಕೆ ಹೀಗಾಗುತ್ತದೆ? ಅಮೆರಿಕದ 10 ಆಸ್ಪತ್ರೆಗಳಲ್ಲಿ ಆಪರೇಷನ್ ಆದ 1,945 ಜನರನ್ನು ಗಮನಿಸಿದ ವರದಿ 2012ರಲ್ಲಿ ಬಂತು. ಆಪರೇಷನ್‌ಗೆ ಮುಂಚೆ ನೂರಕ್ಕೆ 7.6 ಜನರಿಗೆ ಕುಡಿತದ ತೊಂದರೆ ಇತ್ತು. ಒಂದು ವರ್ಷದ ನಂತರ ಹೆಚ್ಚುಕಡಿಮೆ ಅಷ್ಟೇ, 7.3. ಎರಡನೆಯ ವರ್ಷಕ್ಕೆ 9.6ಕ್ಕೆ ಏರಿತು. ಆಪರೇಷನ್ ಆದ ಮೇಲೆ ತೊಂದರೆಗೆ ಸಿಕ್ಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಮುಂಚೆ ಅದು ಇರಲೇ ಇಲ್ಲ. 2017ರಲ್ಲಿ ಅವರೇ ಮತ್ತೆ ಲೆಕ್ಕ ಕೊಟ್ಟರು. ಬೈಪಾಸ್ ಆಗಿ ಐದು ವರ್ಷದೊಳಗೆ ನೂರಕ್ಕೆ ಸುಮಾರು 21 ಜನರಲ್ಲಿ ಹೊಸದಾಗಿ ಈ ಲಕ್ಷಣ ಕಂಡಿತ್ತು. ಇದು ಅಲ್ಲಿನ ಲೆಕ್ಕ, ಅಲ್ಲಿ ಕುಡಿಯುವ ರೂಢಿ ಹೆಚ್ಚು. ಅಲ್ಲಿಯೂ ಐದರಲ್ಲಿ ನಾಲ್ಕು ಜನಕ್ಕೆ ಏನೂ ಆಗಿಲ್ಲ ಎಂಬುದನ್ನು ಮರೆಯಬಾರದು. ಗಂಡಸರಲ್ಲಿ, ಚಿಕ್ಕ ವಯಸ್ಸಿನವರಲ್ಲಿ, ಸಿಗರೇಟು ಸೇದುವವರಲ್ಲಿ, ಮುಂಚೆಯೇ ವಾರವಾರ ಕುಡಿಯುತ್ತಿದ್ದವರಲ್ಲಿ ಅಪಾಯ ಹೆಚ್ಚು. ಆದ್ದರಿಂದ ನಿಮ್ಮ ಯಜಮಾನರಿಗೋ ಮಗನಿಗೋ ತಮ್ಮನಿಗೋ ಈ ಆಪರೇಷನ್ ಆಗಿದ್ದರೆ ಇದು ನಿಮಗೆ ಇನ್ನೂ ಮುಖ್ಯ.

ಹೆಸರುವಾಸಿಯಾದವರನ್ನೂ ಇದು ಬಿಟ್ಟಿಲ್ಲ. 1986ರ ವಿಶ್ವಕಪ್ ಗೆದ್ದ ಫುಟ್‌ಬಾಲ್ ಆಟಗಾರ ಮರಡೋನಾ ಯಾರಿಗೆ ಗೊತ್ತಿಲ್ಲ? ಮಾದಕವಸ್ತುವಿನ ಚಟ ಅವರಿಗೆ ಮೊದಲೇ ಇತ್ತು. 2005ರಲ್ಲಿ ಕೊಲಂಬಿಯಾ ದೇಶದಲ್ಲಿ ಬೈಪಾಸ್ ಮಾಡಿಸಿಕೊಂಡು ತೆಳ್ಳಗಾದರು. 2007ರಲ್ಲಿ ಅತಿಯಾದ ಕುಡಿತದಿಂದ ಆಸ್ಪತ್ರೆ ಸೇರಿದರು. ಅಮೆರಿಕದ ಹಾಡುಗಾರ್ತಿ ಕಾರ್ನಿ ವಿಲ್ಸನ್ 1999ರಲ್ಲಿ ತಮ್ಮ ಆಪರೇಷನ್ನನ್ನೇ ಇಂಟರ್‌ನೆಟ್‌ನಲ್ಲಿ ಜನ ನೋಡುವಂತೆ ಮಾಡಿಸಿಕೊಂಡವರು. ಮುಂದೆ ಕುಡಿತಕ್ಕೆ ಸಿಕ್ಕಿದ್ದನ್ನೂ, ಅದನ್ನು ಬಿಟ್ಟದ್ದನ್ನೂ ಅಷ್ಟೇ ಬಿಚ್ಚುಮನಸ್ಸಿನಿಂದ ಹೇಳಿಕೊಂಡರು. ನಾದಿನಿಗೆ ಈ ಎರಡನೆಯ ಕತೆ ಹೇಳಿದಾಗ, "ನನ್ನ ಹಾಗೆ ಇನ್ನೊಬ್ಬಳೂ ಇದ್ದಾಳಾ?" ಎಂದು ಕೇಳಿದಳು. ಎರಡು ವರ್ಷ ಅವಳು ತಾನೊಬ್ಬಳೇ ಕೆಟ್ಟವಳು ಎಂದುಕೊಂಡಿದ್ದಳು ನೋಡಿ.

ವಾಸಿಯಾದದ್ದು ಹೇಗೆ?

ಒಂದೇ ದಿನಕ್ಕೆ ವಾಸಿಯಾಗಲಿಲ್ಲ. ಮೊದಲು ಆಸ್ಪತ್ರೆಯಲ್ಲಿ ಸೇರಿಸಿಕೊಂಡು, ಮದ್ದು ಕೊಟ್ಟು, ದೇಹದಿಂದ ಅದನ್ನು ಬಿಡಿಸಿದರು. ಬಿ-1, ಬಿ-12, ಕಬ್ಬಿಣ ಎಲ್ಲವೂ ಇಳಿದುಹೋಗಿದ್ದವು, ಅದನ್ನು ತುಂಬಿದರು. ಆಮೇಲೆ ವಾರಕ್ಕೊಮ್ಮೆ ಮಾತುಕತೆ. ಅಲ್ಲಿ ಅವಳು ಕುಡಿತದ ಬಗ್ಗೆ ಮಾತಾಡಿದ್ದಕ್ಕಿಂತ ಅಮ್ಮನ ಬಗ್ಗೆ ಮಾತಾಡಿದ್ದೇ ಹೆಚ್ಚಂತೆ. 2022ರ ಕೊನೆಯಲ್ಲಿ ಒಮ್ಮೆ ಜಾರಿದಳು. ಮತ್ತೆ ಹೋದಳು. 2023ರ ಯುಗಾದಿಯಿಂದ ಈವರೆಗೆ ಮುಟ್ಟಿಲ್ಲ. ನಾಳೆಯದು ಹೇಳಲಾರೆ ಎನ್ನುತ್ತಾಳೆ. ಇವತ್ತಿನದು ಇವತ್ತಿಗೆ ಸಾಕು ಎನ್ನುತ್ತೇನೆ.

ಸಂಜೆ ಏಳರಿಂದ ಒಂಬತ್ತು ಅವಳಿಗೆ ಕಷ್ಟದ ಹೊತ್ತು. ಅದಕ್ಕೆ ದಿನವೂ ಏಳೂವರೆಗೆ ನಾನೇ ಫೋನು ಮಾಡುತ್ತೇನೆ. ಅವರೆಕಾಯಿ ಬಿಡಿಸುತ್ತಲೋ ಮರುದಿನದ ಸೊಪ್ಪು ಸೋಸುತ್ತಲೋ ಮಾತಾಡುತ್ತೇನೆ. ಕುಡಿದೆಯಾ ಎಂದು ಕೇಳುವುದಿಲ್ಲ. ನಮ್ಮ ಬೀದಿಯ ಸುದ್ದಿ, ಕೊಬ್ಬರಿ ಧಾರಣೆ, ಮಗಳ ಪರೀಕ್ಷೆ, ಏನೋ ಒಂದು. ಅವಳ ಯಜಮಾನರು ಮನೆಯಲ್ಲಿ ಅತಿಥಿಗಳಿಗೆಂದೂ ಬಾಟಲಿ ಇಡುವುದನ್ನು ನಿಲ್ಲಿಸಿದರು.

ನಿಮ್ಮ ಮನೆಯಲ್ಲಿ ಇಂಥವರಿದ್ದರೆ

ಆಪರೇಷನ್‌ಗೆ ಮುಂಚೆ ಕುಡಿತ, ಹೊಗೆಸೊಪ್ಪು, ಕಡ್ಡಿಪುಡಿ, ನಿದ್ದೆಮಾತ್ರೆ ಯಾವುದಿದ್ದರೂ ಡಾಕ್ಟರಿಗೆ ಹೇಳಿಸಿ. ಅವರು ಕೇಳದಿದ್ದರೂ ಹೇಳಿಸಿ. ಹೆಂಗಸು ಎಂಬ ಸಂಕೋಚ ಬೇಡ. ಬೈಪಾಸ್ ಆದ ಮೇಲೆ ತಂಬಾಕಿನಿಂದಲೂ, ಅಂಗಡಿಯಲ್ಲಿ ಕೇಳಿ ತರುವ ಕೆಲವು ನೋವಿನ ಮಾತ್ರೆಗಳಿಂದಲೂ ಹೊಲಿಗೆ ಹಾಕಿದ ಜಾಗದಲ್ಲಿ ಹುಣ್ಣಾಗುತ್ತದೆ.

ಆಪರೇಷನ್ ಆದ ಮೊದಲ ವರ್ಷ ಮದ್ಯ ಬೇಡವೇ ಬೇಡ. ಆಮೇಲೂ ಇಲ್ಲದಿದ್ದರೇ ಕ್ಷೇಮ. "ಒಂದೇ ಗ್ಲಾಸು" ಎಂಬ ಹಳೆಯ ಲೆಕ್ಕ ಆ ಹೊಟ್ಟೆಗೆ ಸಲ್ಲದು. ಒಂದು ಗ್ಲಾಸು ಕುಡಿದು ಸ್ಕೂಟರ್ ಹತ್ತುವುದಂತೂ ಜೀವಕ್ಕೇ ಅಪಾಯ.

ಮೊದಲ ವರ್ಷ ಚೆನ್ನಾಗಿ ಕಳೆಯಿತು ಎಂದು ಮರೆತುಬಿಡಬೇಡಿ. ಎರಡನೆಯ ವರ್ಷದಿಂದ ಮುಂದೆಯೇ ಗಮನ ಬೇಕು. ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ, ಬಾಟಲಿ ಬಿಟ್ಟಿರದ ಕೈ, ಊಟ ತಪ್ಪಿಸುವುದು, ಮತ್ತೆ ಮತ್ತೆ ಬೀಳುವುದು, ಹಣದ ಲೆಕ್ಕ ಸರಿಹೋಗದಿರುವುದು, ಇವನ್ನು ನೋಡಿ. ಕೆಲವರಿಗೆ ಕುಡಿತದ ಬದಲು ದಿನವಿಡೀ ಕುರುಕಲು ಮೆಲ್ಲುವುದು, ಸಾಲ ಮಾಡಿ ಸೀರೆ ಕೊಳ್ಳುವುದು, ಫೋನಿನಲ್ಲಿ ದುಡ್ಡು ಕಟ್ಟಿ ಆಡುವುದು ಬರುವುದುಂಟು. ಕುಡಿತದ ಬಗ್ಗೆ ಆದಷ್ಟು ಅಧ್ಯಯನ ಇವುಗಳ ಬಗ್ಗೆ ಆಗಿಲ್ಲ. ಆದರೂ ಕಂಡರೆ ಡಾಕ್ಟರಿಗೆ ಹೇಳಿ.

ದಿನವೂ ಹೆಚ್ಚು ಕುಡಿಯುವವರನ್ನು "ನಾಳೆಯಿಂದ ಬಿಟ್ಟುಬಿಡು" ಎಂದು ಕೋಣೆಯಲ್ಲಿ ಕೂಡಿಹಾಕಬೇಡಿ. ಒಮ್ಮೆಲೇ ನಿಂತರೆ ಕೈನಡುಕ, ಭ್ರಮೆ, ಕೆಲವರಿಗೆ ಫಿಟ್ಸ್ ಬಂದು ಪ್ರಾಣಕ್ಕೇ ಸಂಚಕಾರ. ಡಾಕ್ಟರ ಕೈಕೆಳಗೇ ಬಿಡಿಸಬೇಕು. ಈ ಆಪರೇಷನ್ ಆದವರು ಕುಡಿಯುತ್ತ ವಾಂತಿಯನ್ನೂ ಮಾಡಿಕೊಳ್ಳುತ್ತಿದ್ದರೆ, ನಡಿಗೆ ತೂರಾಡಿದರೆ, ಕಣ್ಣು ಎರಡೆರಡಾಗಿ ಕಂಡರೆ, ಮರೆವು ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಿ-1 ಜೀವಸತ್ವ ಇಳಿದಾಗ ಹಾಗಾಗುತ್ತದೆ, ತಡವಾದರೆ ಮಿದುಳಿಗೆ ಪೆಟ್ಟು.

ಇನ್ನೊಂದು ಮಾತು. ಗೊತ್ತಾಗದಂತೆ ಸಾರಿಗೋ ಕಾಫಿಗೋ ಬೆರೆಸಿ ಕೊಡಿ, ಕುಡಿತ ಬಿಡುತ್ತಾರೆ ಎಂದು ಪುಡಿ, ಮಾತ್ರೆ ಮಾರುವವರಿದ್ದಾರೆ. ದಯವಿಟ್ಟು ಕೊಳ್ಳಬೇಡಿ. ಮದ್ಯದ ಜೊತೆ ಸೇರಿದರೆ ರಕ್ತದೊತ್ತಡ ಕುಸಿದು ಜೀವಕ್ಕೆ ಎರವಾಗುವ ಔಷಧಿ ಅವುಗಳಲ್ಲಿ ಇರಬಹುದು. ಕುಡಿಯುವವರಿಗೆ ತಿಳಿಯದಂತೆ ಅದನ್ನು ಯಾವ ಡಾಕ್ಟರೂ ಕೊಡುವುದಿಲ್ಲ.

ಎಲ್ಲಿಗೆ ಹೋಗುವುದು? ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗವಿದೆ. ಮನೆಯಿಂದಲೇ ಮಾತಾಡಬೇಕೆಂದರೆ 2022ರಲ್ಲಿ ಸರ್ಕಾರ ಶುರುಮಾಡಿದ ಟೆಲಿ ಮನಸ್ ಇದೆ, ಸಂಖ್ಯೆ 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ವ್ಯಸನ ಬಿಡಿಸುವುದಕ್ಕೆಂದೇ ಇರುವ ಸಹಾಯವಾಣಿ 14446.

ಈ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳಿ ಸೋದರಿಯರೇ. ನಿಮಗೆ ಬೇಕಾಗದಿರಲಿ ಎಂದೇ ನನ್ನ ಹಾರೈಕೆ. ನಿಮ್ಮ ನೆಂಟರಿಷ್ಟರಲ್ಲಿ ಯಾರಿಗಾದರೂ ಬೇಕಾದೀತು. ಅವರು ಇನ್ನೊಬ್ಬರ ಮುಂದೆ ಕೇಳಲಾರರು. ಕೈಗೆ ಕೊಟ್ಟುಬಿಡಿ, ಓದಿಕೊಳ್ಳುತ್ತಾರೆ.